ಯುರೋಪಿಗೆ ಹೋಗಿ ಫ್ಲಾರೆನ್ಸ್ ಒಂದನ್ನೇ ನೋಡಿ ಬರುವುದು ಹುಚ್ಚುತನವಾ?

ಸುಂಟಿಕೊಪ್ಪ ತೋಟದವ:

ಎಲ್ಲರಿಗೂ ನಮಸ್ಕಾರ. ಇಲ್ಲಿ ನಮ್ಮ ಕೊಡಗಿನವರೇ ಜಾಸ್ತಿ ಇರೋದರಿಂದ ಇಲ್ಲೇ ಕೇಳುತ್ತಿದ್ದೇನೆ. ಬೇರೆ ಕಡೆ ಕೇಳಿದರೆ ಪ್ಯಾಕೇಜ್ ಮಾರುವವರು ಫೋನ್ ಮಾಡಿ ಪ್ರಾಣ ತಿನ್ನುತ್ತಾರೆ.

ಈ ಸಲ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ನಾನು, ನನ್ನ ಹೆಂಡತಿ ಇಟಲಿಗೆ ಹೋಗೋಣ ಅಂತಿದ್ದೇವೆ. ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸುವ ಕೆಲಸ ತಮ್ಮ ನೋಡಿಕೊಳ್ಳುತ್ತಾನೆ. ಅಲ್ಲಿವರೆಗೂ ಎಲ್ಲ ಸರಿ. ಜಗಳ ಇರುವುದು ಇಟಲಿಯಲ್ಲಿ ಎಲ್ಲಿಗೆ ಅನ್ನುವುದರಲ್ಲಿ. ಟ್ರಾವೆಲ್ಸ್‌ನವರು ಕೊಟ್ಟ ಪಟ್ಟಿಯಲ್ಲಿ ಪ್ಯಾರಿಸ್ ಇದೆ, ಸ್ವಿಟ್ಜರ್ಲೆಂಡಿನ ಹಿಮ ಇದೆ, ವೆನಿಸ್, ಪೀಸಾ, ರೋಮ್ ಎಲ್ಲ ಇದೆ. ಫ್ಲಾರೆನ್ಸ್‌ಗೆ ಅರ್ಧ ದಿನ, ಅದೂ ಮಧ್ಯಾಹ್ನದ ಊಟ ಸೇರಿ! ನನಗೆ ಬೇಕಾಗಿರೋದು ಆ ಊರು ಒಂದೇ. ರಜೆ ಪೂರ್ತಿ ಅಲ್ಲೇ ಇದ್ದುಬಿಡಬೇಕು ಅಂತ ಆಸೆ.

ಯಾಕೆ ಈ ಹುಚ್ಚು ಅಂತ ಕೇಳುತ್ತೀರಿ. ನಾನು ಓದಿದ್ದು ಸಿವಿಲ್ ಡಿಪ್ಲೊಮಾ, ಆಮೇಲೆ ಅಪ್ಪನಿಗೆ ವಯಸ್ಸಾಯಿತು ಅಂತ ತೋಟಕ್ಕೆ ಬಂದವನು. ಓದುವಾಗ ಲೈಬ್ರರಿಯ ಒಂದು ಪುಸ್ತಕದಲ್ಲಿ ಫ್ಲಾರೆನ್ಸ್ ಕೆಥೆಡ್ರಲ್‌ನ ಗುಮ್ಮಟವನ್ನು ಸೀಳಿ ತೋರಿಸಿದ ಒಂದು ಚಿತ್ರ ಇತ್ತು. ಅವತ್ತಿನಿಂದ ತಲೆಯಿಂದ ಹೋಗಿಲ್ಲ. ಕೆಥೆಡ್ರಲ್ ಕಟ್ಟೋಕೆ ಶುರು ಮಾಡಿದ್ದು 1296ರಲ್ಲಿ. ಗೋಡೆ ಎದ್ದಿತು, ಗುಮ್ಮಟ ಕೂರುವ ಎಂಟು ಮೂಲೆಯ ದಿಂಡೂ ಎದ್ದಿತು, ಆದರೆ ಮೇಲೆ ಸುಮಾರು 45 ಮೀಟರ್ ಅಗಲದ ಬಾಯಿ ಹಾಗೇ ತೆರೆದುಕೊಂಡಿತ್ತು. ಅದನ್ನು ಮುಚ್ಚುವುದು ಹೇಗೆ ಅಂತ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾವು ಒಂದು ಸಣ್ಣ ಕಮಾನು ಕಟ್ಟಬೇಕಾದರೂ ಕೆಳಗೆ ಸೆಂಟ್ರಿಂಗ್, ಅಂದರೆ ಮರದ ಆಸರೆ, ಹೊಡೆಯುತ್ತೇವಲ್ವಾ? ಅಷ್ಟು ಎತ್ತರಕ್ಕೆ, ಅಷ್ಟು ಅಗಲಕ್ಕೆ ಸೆಂಟ್ರಿಂಗ್ ಹೊಡೆಯಲು ಮರ ಎಲ್ಲಿಂದ ತರೋದು? ಆಗ ಬಂದವನು ಬ್ರುನೆಲ್ಲೆಸ್ಕಿ. ಕಲಿತಿದ್ದು ಅಕ್ಕಸಾಲಿ ಕೆಲಸ. ಸೆಂಟ್ರಿಂಗೇ ಬೇಡ ಅಂದ. 1420ರಲ್ಲಿ ಶುರು ಮಾಡಿ 1436ಕ್ಕೆ ಮುಚ್ಚಿಯೂಬಿಟ್ಟ.

ಹೇಗೆ ಅಂದರೆ, ಒಂದರ ಒಳಗೊಂದು ಎರಡು ಗುಮ್ಮಟ. ನಡುವಿನ ಸಂದಿಯಲ್ಲಿ ಮೆಟ್ಟಿಲು. ಇಟ್ಟಿಗೆಗಳನ್ನು ಬರೀ ಮಲಗಿಸಿ ಕಟ್ಟಿಲ್ಲ. ಅಲ್ಲಲ್ಲಿ ಒಂದೊಂದು ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸುತ್ತಾ, ಆ ನಿಂತ ಇಟ್ಟಿಗೆಗಳ ಸಾಲು ಮೇಲೆ ಹೋದ ಹಾಗೆ ಓರೆಯಾಗಿ ಸುತ್ತುತ್ತಾ ಹೋಗುವಂತೆ ಕಟ್ಟಿದ್ದಾನೆ. ಗಾರೆ ಇನ್ನೂ ಹಸಿ ಇರುವಾಗ ವಾಲಿದ ಇಟ್ಟಿಗೆ ಜಾರಬೇಕು ತಾನೇ, ನಿಂತ ಇಟ್ಟಿಗೆ ಅದನ್ನು ಹಿಡಿದುಕೊಳ್ಳುತ್ತೆ. ಒಂದು ಸುತ್ತು ಮುಗಿದರೆ ಆ ಸುತ್ತು ತನ್ನನ್ನು ತಾನೇ ಹೊರುತ್ತೆ, ಮುಂದಿನ ಸುತ್ತು ಅದರ ಮೇಲೆ. ಹೀಗೆ ಸುಮಾರು 40 ಲಕ್ಷ ಇಟ್ಟಿಗೆ. ಸಾಮಾನು ಮೇಲೆ ಸಾಗಿಸಲು ಎತ್ತು ತಿರುಗಿಸುವ ಯಂತ್ರ ಮಾಡಿದ್ದ, ಅದರಲ್ಲಿ ಹಲ್ಲುಚಕ್ರ ಬದಲಿಸಿದರೆ ಸಾಕು, ಎತ್ತು ಒಂದೇ ದಿಕ್ಕಿಗೆ ನಡೆಯುತ್ತಿದ್ದರೂ ಹೊರೆ ಮೇಲೂ ಹೋಗುತ್ತಿತ್ತು, ಕೆಳಗೂ ಬರುತ್ತಿತ್ತು. ನಮ್ಮ ವಿಜಯಪುರದ ಗೋಲಗುಮ್ಮಟ ಮುಗಿದಿದ್ದು 1656ರಲ್ಲಿ. ಇದು ಅದಕ್ಕಿಂತ 220 ವರ್ಷ ಹಳೆಯದು.

ಮನೆಯವಳ ಮಾತು ಏನಂದರೆ, ಒಂದು ಗುಮ್ಮಟಕ್ಕೆ ಇಷ್ಟು ದುಡ್ಡಾ, ಅಷ್ಟು ದೂರ ಹೋಗಿ ನಾಲ್ಕು ಊರಾದರೂ ನೋಡದೆ ಬಂದರೆ ಜನ ನಗುತ್ತಾರೆ ಅಂತ. ಅವಳು ಹೇಳುವುದರಲ್ಲೂ ನ್ಯಾಯ ಇದೆ. ಹೋಗಿ ಬಂದವರು ಹೇಳಿ. ಒಂದೇ ಊರಿನಲ್ಲಿ ಕೂತರೆ ಬೇಜಾರಾಗುತ್ತಾ? ಗುಮ್ಮಟ ಬಿಟ್ಟು ಬೇರೆ ಏನಿದೆ, ಯಾವುದಕ್ಕೆ ಹೊತ್ತು ಕೊಡಬೇಕು?


ವಿರಾಜಪೇಟೆ ಡ್ರಾಯಿಂಗ್ ಟೀಚರ್:

ಬೇಜಾರಾಗಲ್ಲ. ಖಂಡಿತ ಆಗಲ್ಲ. ನಿಮ್ಮ ಮನೆಯವರಿಗೆ ನನ್ನ ಹೆಸರಿನಲ್ಲಿ ಹೇಳಿ.

ನಾನು ಹೋಗಿದ್ದು ಮಗಳ ಜೊತೆ, ಅವಳು ಜರ್ಮನಿಯಲ್ಲಿ ಓದುತ್ತಿದ್ದಾಗ. ಆ ಊರಿನ ದೊಡ್ಡ ಗುಣ ಏನಂದರೆ ಚಿತ್ರಗಳು ಎಷ್ಟೋ ಕಡೆ ಬರೆದ ಗೋಡೆಯಲ್ಲೇ ಇವೆ. ಲಂಡನ್ನು, ಪ್ಯಾರಿಸ್ಸು ಎಲ್ಲ ಕಡೆ ತಂದು ನೇತುಹಾಕಿದ್ದು ಜಾಸ್ತಿ. ಇಲ್ಲಿ ಕಲಾವಿದ ಯಾವ ಕಿಟಕಿಯ ಬೆಳಕು ನೋಡಿ ಬರೆದನೋ ಅದೇ ಬೆಳಕಿನಲ್ಲಿ ನೀವೂ ನೋಡುತ್ತೀರಿ. ಇದು ಸುಮ್ನೆ ಹೇಳುವ ಮಾತಲ್ಲ. ನದಿಯ ಆಚೆ ದಡದಲ್ಲಿ ಕಾರ್ಮಿನೆ ಅನ್ನುವ ಚರ್ಚ್ ಇದೆ, ಅದರೊಳಗೆ ಬ್ರಾಂಕಾಚ್ಚಿ ಚಾಪೆಲ್. ಅಲ್ಲಿ 1420ರ ದಶಕದಲ್ಲಿ ಮಸಾಚ್ಚೊ ಎಂಬ ಹುಡುಗ ಗೋಡೆಗೆ ಬರೆದಿದ್ದಾನೆ. ಹುಡುಗ ಅಂತಲೇ ಹೇಳಬೇಕು, ಮೂವತ್ತು ತುಂಬುವ ಮೊದಲೇ ತೀರಿಕೊಂಡವನು. ಚಾಪೆಲ್‌ನ ನಿಜವಾದ ಕಿಟಕಿ ಯಾವ ಕಡೆ ಇದೆಯೋ ಚಿತ್ರದೊಳಗಿನ ಬೆಳಕೂ ಆ ಕಡೆಯಿಂದಲೇ ಬೀಳುತ್ತೆ, ನೆರಳು ಅದಕ್ಕೆ ಸರಿಯಾಗಿ ಬಿದ್ದಿದೆ. ಒಂದು ಚಿತ್ರದಲ್ಲಿ ಏಸುವಿನ ಶಿಷ್ಯ ಪೀಟರ್ ಬೀದಿಯಲ್ಲಿ ನಡೆದು ಹೋಗುತ್ತಿದ್ದಾನೆ, ಪಕ್ಕದಲ್ಲಿ ರೋಗಿಗಳು ಸಾಲಾಗಿ ಇದ್ದಾರೆ, ಅವನ ನೆರಳು ಸೋಕಿದ್ದಕ್ಕೇ ಅವರಿಗೆ ವಾಸಿಯಾಗುತ್ತಿದೆ. ಅವನು ತಿರುಗಿಯೂ ನೋಡುತ್ತಿಲ್ಲ. ಬೀದಿಯೋ, ಆ ಕಾಲದ ಫ್ಲಾರೆನ್ಸಿನ ಬೀದಿಯೇ. ಅದೇ ಚಾಪೆಲ್‌ನಲ್ಲಿ ಸ್ವರ್ಗದಿಂದ ಹೊರಗೆ ಹಾಕಿಸಿಕೊಂಡ ಆಡಮ್ ಮತ್ತು ಈವ್ ಇದ್ದಾರೆ. ಆಡಮ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಾನೆ, ಈವ್ ಬಾಯಿ ತೆರೆದು ಅಳುತ್ತಿದ್ದಾಳೆ. ನಂತರದ ಕಾಲದಲ್ಲಿ ಯಾರೋ ಮರ್ಯಾದಸ್ಥರು ಅವರಿಗೆ ಎಲೆ ಬರೆಸಿದ್ದರು, 1980ರ ದಶಕದಲ್ಲಿ ಚಿತ್ರ ಸ್ವಚ್ಛ ಮಾಡುವಾಗ ಅದನ್ನು ತೆಗೆದುಹಾಕಿದ್ದಾರೆ. ಒಳ್ಳೆಯದೇ ಮಾಡಿದರು. ಅಲ್ಲಿಗೆ ಒಂದು ಸಲಕ್ಕೆ ಸ್ವಲ್ಪ ಜನರನ್ನೇ ಬಿಡುತ್ತಾರೆ, ಮೊದಲೇ ಬುಕ್ ಮಾಡಿಕೊಳ್ಳಿ.

ಎರಡನೆಯದು ಸಾನ್ ಮಾರ್ಕೊ ಮಠ. ಇದಕ್ಕೆ ಒಂದು ಬೆಳಿಗ್ಗೆ ಪೂರ್ತಿ ಇಡಿ. ಸನ್ಯಾಸಿಗಳು ಮಲಗುತ್ತಿದ್ದ ಸಣ್ಣ ಸಣ್ಣ ಕೋಣೆಗಳು, ಕೋಣೆಗೊಂದು ಕಿಟಕಿ, ಗೋಡೆಗೊಂದು ಚಿತ್ರ. ಬರೆದವನು ಫ್ರಾ ಆಂಜೆಲಿಕೊ, ಅವನೂ ಸನ್ಯಾಸಿಯೇ. ಒಂದು ಕೋಣೆಯಲ್ಲಿ ಏಸು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದಾನೆ. ಹೊಡೆಯುವವರು ಕಾಣಿಸುವುದೇ ಇಲ್ಲ. ಗಾಳಿಯಲ್ಲಿ ಬರೀ ಕೈಗಳು, ಒಂದು ಕೈಯಲ್ಲಿ ಕೋಲು, ಇನ್ನೊಂದು ಕಡೆ ಒಂದು ತಲೆ ಮಾತ್ರ, ಅದು ಉಗುಳುತ್ತಿದೆ. ಕೆಳಗೆ ಮೇರಿ ಒಂದು ಕಡೆ ಕೂತಿದ್ದಾಳೆ, ಇನ್ನೊಂದು ಕಡೆ ಒಬ್ಬ ಸಂತ ಪುಸ್ತಕ ಓದುತ್ತಾ ಕೂತಿದ್ದಾನೆ, ಮೇಲೆ ಏನು ನಡೆಯುತ್ತಿದೆ ಅಂತ ತಲೆ ಎತ್ತಿಲ್ಲ. 1440ರ ಹೊತ್ತಿನ ಚಿತ್ರ ಅಂದರೆ ನಂಬಲು ಆಗಲ್ಲ, ನಿನ್ನೆ ಮೊನ್ನೆ ಬರೆದ ಹಾಗಿದೆ. ಮೆಟ್ಟಿಲು ಹತ್ತಿ ಹೋದ ಕೂಡಲೇ ಎದುರಿಗೆ ದೇವದೂತ ಮೇರಿಗೆ ಸುದ್ದಿ ಹೇಳುವ ದೊಡ್ಡ ಚಿತ್ರ ಸಿಗುತ್ತೆ. ಎಲ್ಲರೂ ದೇವದೂತನ ಬಣ್ಣ ಬಣ್ಣದ ರೆಕ್ಕೆಯ ಫೋಟೊ ತೆಗೆದು ಮುಂದೆ ಹೋಗುತ್ತಾರೆ. ನೀವು ಮೇರಿ ಕೂತಿರುವ ಮರದ ಸ್ಟೂಲ್ ನೋಡಿ. ಸಾದಾ ಸ್ಟೂಲ್, ಅಡುಗೆಮನೆಯಲ್ಲಿ ಇರುವಂಥದ್ದು.

ಉಫೀತ್ಸಿ ಅನ್ನುವ ಚಿತ್ರಗಳ ಮ್ಯೂಸಿಯಂಗೆ ಹೋಗಲೇಬೇಕು, ಆದರೆ ಎಲ್ಲ ಕೋಣೆ ನೋಡುವ ಹಠ ಬೇಡ. ಬೊಟ್ಟಿಚೆಲ್ಲಿ ಅನ್ನುವ ಕಲಾವಿದನ ಚಿತ್ರಗಳಿರುವ ಕೋಣೆಯಲ್ಲಿ ನೂಕುನುಗ್ಗಲು ಇರುತ್ತೆ, ಬಾಗಿಲು ತೆರೆದ ಕೂಡಲೇ ಅಲ್ಲಿಗೆ ಹೋಗಿಬಿಡಿ.


ಗೋಣಿಕೊಪ್ಪ ಎಕ್ಸ್‌ಪ್ರೆಸ್:

ನಾನು ಒಪ್ಪಲ್ಲ ಗುರುವೇ. ಅಷ್ಟು ದೂರ ಹೋಗಿ ರೋಮ್ ಬಿಟ್ಟು ಬರೋದು ಅಂದರೆ ಏನರ್ಥ? ನಾವು ಪ್ಯಾಕೇಜಿನಲ್ಲೇ ಹೋಗಿದ್ದು, ಬಸ್ಸಿನಲ್ಲಿ ನಿದ್ದೆ ಜಾಸ್ತಿ ಆಯಿತು ನಿಜ, ಆದರೆ ಎಲ್ಲ ಕಣ್ಣಿಗೆ ಬಿತ್ತು. ಅದೂ ಅಲ್ಲದೆ ನಿಮ್ಮ ಬ್ರುನೆಲ್ಲೆಸ್ಕಿ ಗುಮ್ಮಟಗಳ ಬಗ್ಗೆ ತಿಳಿದುಕೊಂಡಿದ್ದು ರೋಮಿನ ಹಳೇ ಕಟ್ಟಡ ನೋಡಿ ಅಂತ ನಮ್ಮ ಗೈಡೇ ಹೇಳಿದ. ಪ್ಯಾಂಥಿಯನ್‌ನ ಗುಮ್ಮಟ 43 ಮೀಟರ್ ಅಗಲ, ಸುಮಾರು 1900 ವರ್ಷ ಹಳೆಯದು, ನೆತ್ತಿಯಲ್ಲಿ ತೂತು, ಮಳೆ ಬಂದರೆ ಒಳಗೇ ಬೀಳುತ್ತೆ. ಅದನ್ನು ನೋಡದೆ ಇದನ್ನು ನೋಡಿ ಏನು ಅರ್ಥ ಆಗುತ್ತೆ? ಫ್ಲಾರೆನ್ಸಿನಿಂದ ಫಾಸ್ಟ್ ಟ್ರೇನ್ ಹತ್ತಿದರೆ ಒಂದೂವರೆ ಗಂಟೆ. ಬೆಳಿಗ್ಗೆ ಹೋಗಿ ರಾತ್ರಿ ವಾಪಸ್.


ಸುಂಟಿಕೊಪ್ಪ ತೋಟದವ:

ಪ್ಯಾಂಥಿಯನ್ ಮಾತು ಸರಿ. ಅದು ಕಾಂಕ್ರೀಟಿನ ಗುಮ್ಮಟ, ಆ ವಿದ್ಯೆ ಆಮೇಲೆ ಮರೆತೇಹೋಯಿತು, ಅದಕ್ಕೇ ಇವನು ಇಟ್ಟಿಗೆಯಲ್ಲಿ ಬೇರೆ ದಾರಿ ಹುಡುಕಬೇಕಾಯಿತು. ಒಂದು ದಿನ ರೋಮ್‌ಗೆ ಕೊಡಬಹುದು, ಬರೆದುಕೊಂಡೆ. ಟೀಚರ್, ನಿಮ್ಮ ಸ್ಟೂಲ್ ಮಾತು ಮನೆಯವಳಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಆದರೆ ಫೋನ್ ಇಸ್ಕೊಂಡು ಆ ಚಿತ್ರ ಹುಡುಕಿ ನೋಡಿದಳು.


ಕುಶಾಲನಗರ ಹೊಳೆದಡ:

ನಾನು ಆ ಊರಿಗೆ ಹೋದವನಲ್ಲ. ಆದರೂ ನನಗೂ ಒಂದು ರೀತಿ ಫ್ಲಾರೆನ್ಸ್ ಹುಚ್ಚು ಹಿಡಿದಿದೆ, ಅದು ಹಿಡಿದಿದ್ದು 2018ರ ಆಗಸ್ಟ್ ಆದ ಮೇಲೆ. ಆ ಮಳೆಯಲ್ಲಿ ನಮ್ಮ ಮಾವನ ಮನೆಗೆ ಕೆಸರು ನುಗ್ಗಿ ಅಜ್ಜನ ಕಾಲದ ಫೋಟೊ, ತೋಟದ ಹಳೇ ಲೆಕ್ಕದ ಪುಸ್ತಕ ಎಲ್ಲ ಮುದ್ದೆಯಾಗಿ ಹೋಯಿತು. ಒದ್ದೆ ಕಾಗದ ಉಳಿಸೋದು ಹೇಗೆ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದೇ ಫ್ಲಾರೆನ್ಸಿನ ಕಥೆ.

1966ರ ನವೆಂಬರ್ 4ರಂದು ಆರ್ನೊ ನದಿ ಉಕ್ಕಿ ಊರೊಳಗೆ ಬಂತು. ಸಾಂತಾ ಕ್ರೋಚೆ ಚರ್ಚಿನ ಕಡೆ ನೀರು ಆರು ಮೀಟರ್ ದಾಟಿತ್ತು. ಬರೀ ನೀರಾಗಿದ್ದರೆ ಒಂದು ಮಾತು. ಚಳಿಗಾಲಕ್ಕೆ ಅಂತ ಮನೆಗಳ ನೆಲಮಾಳಿಗೆಯಲ್ಲಿ ತುಂಬಿಸಿಟ್ಟ ಎಣ್ಣೆಯೂ ಕೆಸರಿನಲ್ಲಿ ಬೆರೆತು ಗೋಡೆ, ಚಿತ್ರ, ಪುಸ್ತಕ ಎಲ್ಲದಕ್ಕೂ ಮೆತ್ತಿಕೊಂಡಿತು. ಸೆಂಟ್ರಲ್ ಲೈಬ್ರರಿಯಲ್ಲೇ ಲಕ್ಷಗಟ್ಟಲೆ ಪುಸ್ತಕ ಮುಳುಗಿದವು. ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರು ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕ ದಾಟಿಸಿ ಹೊರಗೆ ತಂದರು, ಅವರನ್ನು ಕೆಸರಿನ ದೇವದೂತರು ಅಂತಲೇ ಕರೆಯುತ್ತಾರೆ. ಈಗ ಕೇಳಿ, ಆ ಪುಸ್ತಕಗಳಲ್ಲಿ ಎಷ್ಟೋ ಒಣಗಿದ್ದು ಎಲ್ಲಿ ಗೊತ್ತಾ? ತಂಬಾಕು ಒಣಗಿಸುವ ಬ್ಯಾರನ್‌ಗಳಲ್ಲಿ! ನಮ್ಮ ಪಿರಿಯಾಪಟ್ಟಣ ದಾರಿಯಲ್ಲಿ ಎರಡೂ ಕಡೆ ಕಾಣುತ್ತವಲ್ಲ, ಅದೇ ಕೆಲಸದ ಬ್ಯಾರನ್.

ನೀವು ಹೋದರೆ ಸಾಂತಾ ಕ್ರೋಚೆಯಲ್ಲಿ ಚಿಮಬುಯೆ ಮಾಡಿದ ಶಿಲುಬೆ ನೋಡಿ ಬನ್ನಿ. 13ನೇ ಶತಮಾನದ ದೊಡ್ಡ ಮರದ ಶಿಲುಬೆ. ಪ್ರವಾಹದಲ್ಲಿ ಅದರ ಬಣ್ಣ ಅರ್ಧಕ್ಕಿಂತ ಜಾಸ್ತಿ ಎದ್ದುಹೋಯಿತು. ರಿಪೇರಿ ಮಾಡಿದವರು ಹೋದ ಜಾಗದಲ್ಲಿ ಹೊಸ ಮುಖ, ಹೊಸ ಕಣ್ಣು ಬರೆಯಲು ಹೋಗಲಿಲ್ಲ. ಸಣ್ಣ ಸಣ್ಣ ಬಣ್ಣದ ಗೆರೆಗಳನ್ನು ಒತ್ತೊತ್ತಾಗಿ ಎಳೆದು ಬಿಟ್ಟಿದ್ದಾರೆ. ದೂರದಿಂದ ನೋಡಿದರೆ ಮೈ ಒಂದಾಗಿ ಕಾಣುತ್ತೆ, ಹತ್ತಿರದಿಂದ ನೋಡಿದರೆ ಯಾವುದು ಹಳೆಯದು, ಯಾವುದು ಹೋಗಿದ್ದು ಅಂತ ಗೊತ್ತಾಗುತ್ತೆ. ಫೋಟೊದಲ್ಲಿ ಎಷ್ಟು ದೊಡ್ಡದು ಮಾಡಿ ನೋಡಿದರೂ ನನಗೆ ಸಮಾಧಾನ ಇಲ್ಲ, ಹತ್ತಿರದಿಂದ ಹೇಗಿದೆ ಅಂತ ನೀವೇ ಬಂದು ಹೇಳಬೇಕು. ಕೆಥೆಡ್ರಲ್ ಎದುರಿನ ದೀಕ್ಷಾಮಂದಿರಕ್ಕೆ ಗಿಬೆರ್ತಿ ಎಂಬ ಶಿಲ್ಪಿ ಮಾಡಿದ ಚಿನ್ನದ ಬಾಗಿಲಿನ ಹಲಗೆಗಳೂ ಅವತ್ತು ಕಿತ್ತುಬಂದಿದ್ದವು. ಅಸಲಿ ಬಾಗಿಲಿನ ಕೆಲಸ 27 ವರ್ಷ ಹಿಡಿದು 2012ರಲ್ಲಿ ಮುಗಿಯಿತು, ಈಗ ಕೆಥೆಡ್ರಲ್‌ನ ಮ್ಯೂಸಿಯಂನಲ್ಲಿದೆ. ಬೀದಿಯಲ್ಲಿ ಜನ ಮುತ್ತಿಕೊಂಡು ಸೆಲ್ಫಿ ತೆಗೆಯುವುದು ನಕಲಿನ ಮುಂದೆ. ಊರಿನ ಗೋಡೆಗಳಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಸಣ್ಣ ಕಲ್ಲು ಹಲಗೆ ಹಾಕಿದ್ದಾರಂತೆ, ತಲೆ ಎತ್ತಿ ನೋಡಿ.


ಮಡಿಕೇರಿ ಕೋಟೆ ಬಾಗಿಲು:

ಎಲ್ಲ ಚೆನ್ನಾಗಿದೆ. ಒಂದು ಪ್ರಶ್ನೆ. ನಾಲ್ಕುನಾಡು ಅರಮನೆ ನೋಡಿದ್ದೀರಾ? ಕಕ್ಕಬ್ಬೆ ಹತ್ತಿರ, ತಡಿಯಂಡಮೋಳ್ ಬುಡದಲ್ಲಿ, ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ್ದು. ಅಲ್ಲೂ ಗೋಡೆ ಮೇಲೆ ಚಿತ್ರ ಇದೆ. ಮಡಿಕೇರಿಯ ಗದ್ದುಗೆಯಲ್ಲೂ ಗುಮ್ಮಟ ಇದೆ, ರಾಜರ ಸಮಾಧಿ, ಮುಸ್ಲಿಂ ಶೈಲಿಯ ಗುಮ್ಮಟ, ಒಳಗೆ ಲಿಂಗ. ಓಂಕಾರೇಶ್ವರ ದೇವಸ್ಥಾನವೂ ಅದೇ ಥರ, 1820ರದ್ದು. ಕೋಟೆಯೊಳಗಿನ ಗಾರೆ ಆನೆಗಳ ಮುಂದೆ ನಿಲ್ಲುವವರು ಬರೀ ಫೋಟೊಗೆ. ಊರಿನ ಗುಮ್ಮಟ ಹತ್ತಿರ ಒಂದು ಗಂಟೆ ಕೂರದವರು ಇಟಲಿಯ ಗುಮ್ಮಟಕ್ಕೆ ಲಕ್ಷ ಲಕ್ಷ ಸುರಿಯುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಹೇಳಬೇಕು ಅನ್ನಿಸಿತು.

ಅದಿರಲಿ, ಇಟಲಿಗೂ ಕೊಡಗಿಗೂ ಒಂದು ನಂಟು ಇದೆ, ಯಾರೂ ಹೇಳಲ್ಲ. ಕೊಡಗಿನ ಕೊನೆಯ ರಾಜ ಚಿಕ್ಕ ವೀರರಾಜೇಂದ್ರನ ಮಗಳು ಗೌರಮ್ಮ 1852ರಲ್ಲಿ ಅಪ್ಪನ ಜೊತೆ ಲಂಡನ್‌ಗೆ ಹೋದಳಲ್ಲ, ವಿಕ್ಟೋರಿಯಾ ರಾಣಿಯೇ ಮುಂದೆ ನಿಂತು ಅವಳಿಗೆ ಕ್ರೈಸ್ತ ದೀಕ್ಷೆ ಕೊಡಿಸಿದ್ದು. ಅವಳ ಒಂದು ಅಮೃತಶಿಲೆಯ ಪ್ರತಿಮೆ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ಬಿಳಿ ಕಲ್ಲು ಹಾಗೇ ಬಿಟ್ಟಿಲ್ಲ, ಬಣ್ಣ ಹಾಕಿದ್ದಾರೆ. ಕೆತ್ತಿದವನು ಮಾರೊಕೆಟ್ಟಿ, ಟ್ಯೂರಿನ್‌ನಲ್ಲಿ ಹುಟ್ಟಿದವನು.


ಸುಂಟಿಕೊಪ್ಪ ತೋಟದವ:

ಕೋಟೆ ಬಾಗಿಲು ಅವರೇ, ನಾಲ್ಕುನಾಡು ಅರಮನೆಗೆ ಎಷ್ಟೋ ಸಲ ಹೋಗಿದ್ದೇನೆ, ನನ್ನ ತಾಯಿಯ ಊರೇ ಆ ಕಡೆ. ಗದ್ದುಗೆಗೂ ಅಷ್ಟೇ. ಒಂದನ್ನು ಪ್ರೀತಿಸಿದರೆ ಇನ್ನೊಂದನ್ನು ಬಿಟ್ಟ ಹಾಗಾ? ನನಗೆ ಗದ್ದುಗೆಯ ಗುಮ್ಮಟದ ಗಾರೆಯನ್ನು ಕೈ ಇಟ್ಟು ನೋಡುವ ಚಟ ಹತ್ತಿದ್ದೇ ಆ ಪುಸ್ತಕದ ಚಿತ್ರ ನೋಡಿದ ಮೇಲೆ. ಗೌರಮ್ಮನ ಪ್ರತಿಮೆ ವಿಷಯ ಗೊತ್ತಿರಲಿಲ್ಲ, ತುಂಬಾ ಥ್ಯಾಂಕ್ಸ್.

ಒಂದು ಮಾತು ಮಾತ್ರ ಹೇಳುತ್ತೇನೆ. ಫ್ಲಾರೆನ್ಸಿನವರು ಉಳಿಸಿಕೊಂಡಿದ್ದು ಸುಮ್ನೆ ಅಲ್ಲ. ಆ ಊರನ್ನು ಆಳಿದ ಮೆಡಿಚಿ ಮನೆತನದ ಕೊನೆಯವಳು ಆನ್ನಾ ಮಾರಿಯಾ ಲೂಯಿಸಾ. ಮಕ್ಕಳಿಲ್ಲ, ರಾಜ್ಯ ಬೇರೆಯವರ ಪಾಲಾಗುವುದು ಖಚಿತ. 1737ರಲ್ಲಿ ಅವಳು ಹೊಸ ದೊರೆಯ ಜೊತೆ ಒಪ್ಪಂದ ಮಾಡಿಕೊಂಡಳು. ಮನೆತನದ ಚಿತ್ರ, ಶಿಲ್ಪ, ಪುಸ್ತಕ ಎಲ್ಲ ನಿಮಗೇ, ಆದರೆ ಒಂದೂ ಈ ಊರು ಬಿಟ್ಟು ಹೊರಗೆ ಹೋಗಕೂಡದು. ಇವತ್ತು ಉಫೀತ್ಸಿ ಹಾಗೆ ಇರುವುದು ಆ ಹೆಂಗಸಿನ ಗಟ್ಟಿತನದಿಂದ. ನಮ್ಮ ರಾಜರ ಒಡವೆ, ಸಾಮಾನು ಎಲ್ಲ 1834ರಲ್ಲಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡಾಗ ಎಲ್ಲೆಲ್ಲಿ ಹೋಯಿತು ಅಂತ ನಿಮಗೇ ಗೊತ್ತಲ್ಲ.


ಮಡಿಕೇರಿ ಕೋಟೆ ಬಾಗಿಲು:

ಆಯ್ತು ಸ್ವಾಮಿ, ಹೋಗಿ ಬನ್ನಿ.


ನಾಪೋಕ್ಲು ಅಕ್ಕ:

ಗುಮ್ಮಟ, ಚಿತ್ರ ಎಲ್ಲ ಆಯಿತು, ಕೆಲಸದ ಮಾತು ನಾನು ಹೇಳುತ್ತೇನೆ. ಉಫೀತ್ಸಿ, ಮತ್ತೆ ಮೈಕೆಲ್ಯಾಂಜೆಲೊ ಕೆತ್ತಿದ ಡೇವಿಡ್ ಪ್ರತಿಮೆ ಇರುವ ಅಕಾಡೆಮಿಯ, ಎರಡಕ್ಕೂ ಸೋಮವಾರ ರಜೆ. ಸೋಮವಾರ ರೋಮ್‌ಗೆ ಹೋಗಿ ಬಂದುಬಿಡಿ. ಚರ್ಚುಗಳಿಗೆ ಹೋಗುವಾಗ ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಆ ಊರಿನ ಬೀದಿ ಪೂರ್ತಿ ಕಲ್ಲು ಹಾಸು, ಹೊಸ ಶೂ ಹಾಕಿಕೊಂಡು ಹೋಗಬೇಡಿ ಮಾರಾಯ್ರೆ, ಸಂಜೆ ಹೊತ್ತಿಗೆ ಕಾಲು ಬೊಬ್ಬೆ ಬರುತ್ತೆ.

ಕಾಫಿ ಕುಡಿಯೋದು ನಿಂತುಕೊಂಡೇ. ಕೌಂಟರ್ ಹತ್ತಿರ ನಿಂತು ಕುಡಿದರೆ ಒಂದು ರೇಟು, ಟೇಬಲ್‌ನಲ್ಲಿ ಕೂತರೆ ಇನ್ನೊಂದು, ಕೆಥೆಡ್ರಲ್ ಸುತ್ತಮುತ್ತ ಕೂತರೆ ಕೇಳಲೇಬೇಡಿ. ನಮ್ಮ ದೇಶದ ಕಾಫಿ ಅತಿ ಹೆಚ್ಚು ಹೋಗೋದು ಇಟಲಿಗೇ ಅಲ್ವಾ, ರೊಬಸ್ಟಾ ಸೇರಿಸಿದರೆ ಎಸ್ಪ್ರೆಸ್ಸೊ ಮೇಲಿನ ಆ ಕಂದು ನೊರೆ ದಪ್ಪ ಬರುತ್ತೆ. ಅಲ್ಲಿನ ಅಂಗಡಿಯವನಿಗೆ ನಾವು ಬೆಳೆಗಾರರು ಅಂತ ನಮ್ಮ ಯಜಮಾನರು ಕೈ ಬಾಯಿ ಸನ್ನೆಯಲ್ಲಿ ವಿವರಿಸಿದರು, ಅವನಿಗೆ ಏನು ಅರ್ಥವಾಯಿತೋ ಇನ್ನೊಂದು ಕಪ್ ಕೊಟ್ಟು ಅದಕ್ಕೂ ದುಡ್ಡು ತಗೊಂಡ.

ಊಟ. ಹಂದಿ ಮಾಂಸ ಇಷ್ಟಪಡುವವರಿಗೆ ಆ ಊರು ಸ್ವರ್ಗ, ಪೊರ್ಕೆತ್ತಾ ಅಂತ ಕೇಳಿ, ಸೊಪ್ಪು ಮಸಾಲೆ ಸುತ್ತಿ ಸುಟ್ಟಿರುತ್ತಾರೆ, ನಮ್ಮ ಪಂದಿ ಕರಿಯ ಹುಳಿ ಖಾರ ಇರಲ್ಲ ಅಷ್ಟೇ. ಬೀದಿ ಗಾಡಿಗಳಲ್ಲಿ ಲಾಂಪ್ರೆದೊತ್ತೊ ಅಂತ ಬನ್ನಿನ ಒಳಗೆ ಹಾಕಿ ಕೊಡುತ್ತಾರೆ. ನೋಡಲು ನಮ್ಮ ಬೋಟಿ ಹಾಗೇ ಇರುತ್ತೆ, ಆದರೆ ದನದ್ದು. ತಿನ್ನದವರು ಮೊದಲೇ ಕೇಳಿಕೊಳ್ಳಿ.

ಮತ್ತೊಂದು, ಹೆಂಡತಿಯನ್ನು ಬೆಳಿಗ್ಗೆಯಿಂದ ರಾತ್ರಿವರೆಗೆ ಮ್ಯೂಸಿಯಂ ಸುತ್ತಿಸಬೇಡಿ. ಇನ್ನೊಚೆಂತಿ ಅನಾಥಾಲಯದ ಮುಂದೆ ಮೆಟ್ಟಿಲ ಮೇಲೆ ಕೂರಿಸಿ. ಅದೂ ನಿಮ್ಮ ಬ್ರುನೆಲ್ಲೆಸ್ಕಿಯದ್ದೇ, 1419ರಲ್ಲಿ ಶುರುವಾಗಿದ್ದು. ಸಾಲು ಕಮಾನು, ತೆಳ್ಳನೆ ಕಂಬ, ಕಮಾನುಗಳ ನಡುವೆ ನೀಲಿ ಬಣ್ಣದ ದುಂಡು ಹಲಗೆಯಲ್ಲಿ ಬಟ್ಟೆ ಸುತ್ತಿದ ಬಿಳಿ ಮಕ್ಕಳು. ಮಣ್ಣಿನಲ್ಲಿ ಮಾಡಿ ಹೊಳಪು ಕೊಟ್ಟಿದ್ದು, ಮಾಡಿದವನು ಆಂದ್ರೆಯಾ ಡೆಲ್ಲಾ ರೊಬ್ಬಿಯಾ. ಒಂದು ಮಗುವಿನ ಹಾಗೆ ಇನ್ನೊಂದಿಲ್ಲ. ಟಿಕೆಟ್ ಬೇಡ, ಹೊರಗೇ ಇದೆ. ನಾನು ಆ ಊರಿನಲ್ಲಿ ಅತಿ ಹೆಚ್ಚು ಹೊತ್ತು ಕೂತಿದ್ದು ಅಲ್ಲೇ.


ಸೋಮವಾರಪೇಟೆ ಹಳೇ ಫೈಲ್:

ಒಂದು ಸಣ್ಣ ಸೇರ್ಪಡೆ. ಊರ ಪಶ್ಚಿಮಕ್ಕೆ ನದಿ ದಡದಲ್ಲಿ ಕಾಶಿನೆ ಪಾರ್ಕ್ ಇದೆ. ಅದರ ತುದಿಯಲ್ಲಿ ಛತ್ರಿ ಥರದ ಮಂಟಪ, ಒಳಗೆ ಒಬ್ಬ ಭಾರತೀಯ ಯುವಕನ ಪ್ರತಿಮೆ. ಕೊಲ್ಲಾಪುರದ ರಾಜಾರಾಮ ಮಹಾರಾಜ. ಇಂಗ್ಲೆಂಡಿನಿಂದ ವಾಪಸ್ ಬರುವಾಗ 1870ರಲ್ಲಿ ಫ್ಲಾರೆನ್ಸಿನಲ್ಲೇ ತೀರಿಕೊಂಡ, ಎರಡು ನದಿ ಸೇರುವ ಜಾಗದಲ್ಲೇ ದಹನ ಮಾಡಿದರು. ಹತ್ತಿರದ ಸೇತುವೆಗೂ ಭಾರತೀಯನ ಹೆಸರೇ, ಇಂದಿಯಾನೊ ಅನ್ನುತ್ತಾರೆ. ಟೂರಿಸ್ಟ್‌ಗಳು ಆ ಕಡೆ ಹೋಗುವುದು ಕಡಿಮೆ. ಸಂಜೆ ನಡೆಯಲು ಒಳ್ಳೆ ಜಾಗ.


ಸುಂಟಿಕೊಪ್ಪ ತೋಟದವ:

ಇಷ್ಟು ಉತ್ತರ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಟಿಕೆಟ್ ನೋಡಲು ಶುರು ಮಾಡಿದ್ದೇನೆ. ಈಗ ಒಂದೇ ಅನುಮಾನ. ಮನೆಯವಳಿಗೆ ಮೊಣಕಾಲು ನೋವು. ಗುಮ್ಮಟಕ್ಕೆ ಲಿಫ್ಟ್ ಇದೆಯಾ?


ಸುಂಟಿಕೊಪ್ಪ ತೋಟದವನ ಮನೆಯವಳು:

ಇವರ ಫೋನಿನಲ್ಲಿ ಎಲ್ಲ ಓದಿ, ಈಗ ನನ್ನದೇ ಅಕೌಂಟ್ ಮಾಡಿಕೊಂಡು ಬರೆಯುತ್ತಿದ್ದೇನೆ. ನಾನು ಬೇಡ ಅಂದಿದ್ದು ಫ್ಲಾರೆನ್ಸ್ ಅಲ್ಲ, ಗುಮ್ಮಟ ಒಂದನ್ನೇ ನೋಡಿ ಬರುವುದನ್ನು. ಮದುವೆಯಾದಾಗಿನಿಂದ ಆ ನಿಂತ ಇಟ್ಟಿಗೆ ಕಥೆ ಕೇಳಿ ಕೇಳಿ ನಾನೇ ಒಂದು ಗುಮ್ಮಟ ಕಟ್ಟಬಲ್ಲೆ. ಕೊಟ್ಟಿಗೆ ಗೋಡೆ ಬಿರುಕು ಬಿಟ್ಟು ಎರಡು ಮಳೆಗಾಲ ಆಯಿತು, ಅದಕ್ಕೆ ಮೇಸ್ತ್ರಿ ಬರಲಿಲ್ಲ, ಅದು ಬೇರೆ ಮಾತು.

ನಾಪೋಕ್ಲು ಅಕ್ಕ ಹೇಳಿದ ಮಕ್ಕಳ ಮನೆ ನನಗೆ ನೋಡಬೇಕು. ಸ್ಟೂಲ್ ಇರುವ ಚಿತ್ರವೂ. ಅವರು ಗುಮ್ಮಟ ಹತ್ತಲಿ, ನಾನು ಕೆಳಗೆ ಇರುತ್ತೇನೆ. ರೋಮ್ ಬೇಡ, ಬದಲಿಗೆ ಒಂದು ದಿನ ವೆನಿಸ್ ಬೇಕು, ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ ಅಂತ ನೋಡಿದ್ದೇನೆ. ಇದಕ್ಕೆ ಒಪ್ಪಿದರೆ ನಾಳೆಯೇ ಬುಕ್ ಮಾಡಲಿ.


ವಿರಾಜಪೇಟೆ ಡ್ರಾಯಿಂಗ್ ಟೀಚರ್:

ಲಿಫ್ಟ್ ಇಲ್ಲ. ಗುಮ್ಮಟಕ್ಕೆ 463 ಮೆಟ್ಟಿಲು, ಕೊನೆಕೊನೆಗೆ ಎರಡು ಗುಮ್ಮಟಗಳ ಸಂದಿಯಲ್ಲಿ ಬಗ್ಗಿಕೊಂಡು ಹತ್ತಬೇಕು. ಪಕ್ಕದ ಜೊತ್ತೊ ಗಂಟೆಗೋಪುರಕ್ಕೆ 414, ಅದಕ್ಕೂ ಲಿಫ್ಟ್ ಇಲ್ಲ. ಗುಮ್ಮಟದ ಟಿಕೆಟ್‌ನಲ್ಲಿ ಹೊತ್ತು ನಮೂದಿಸಿರುತ್ತಾರೆ, ತಪ್ಪಿದರೆ ಬಿಡಲ್ಲ. ಬೆಳಿಗ್ಗೆಯ ಮೊದಲ ಹೊತ್ತು ಸಿಕ್ಕರೆ ತೆಗೆದುಕೊಳ್ಳಲಿ. ಅಷ್ಟರಲ್ಲಿ ನೀವು ಕೆಥೆಡ್ರಲ್ ಹಿಂದಿನ ಮ್ಯೂಸಿಯಂಗೆ ಹೋಗಿ ಚಿನ್ನದ ಬಾಗಿಲು ನೋಡಿ, ಅಲ್ಲಿ ಲಿಫ್ಟ್ ಇದೆ.


ಗೋಣಿಕೊಪ್ಪ ಎಕ್ಸ್‌ಪ್ರೆಸ್:

ರೋಮ್ ಬಿಟ್ಟರಲ್ಲ, ಛೇ.